ಟಿಶ್ಯೂ, ತರಕಾರಿ ಕವರ್, ಪಾಲಿಯೆಸ್ಟರ್ ಫಿಲ್ಮ್: ಒಂದೇ ವಿಮಾನಕ್ಕೆ ಮೂರು ಹೊದಿಕೆ

ರಬ್ಬರ್ ಸುತ್ತಿ ಹಾಲ್ ಒಳಗೆ ಹಾರಿಸುವ ಪುಟ್ಟ ಮಾದರಿ ವಿಮಾನಕ್ಕೆ ಯಾವ ಹೊದಿಕೆ ಒಳ್ಳೆಯದು? ನನಗೂ ಈ ಗೊಂದಲ ಇತ್ತು. ಕೊನೆಗೆ ಮೂರನ್ನೂ ಹಾಕಿ ಹಾರಿಸಿಯೇ ನೋಡಿದೆ.

ನನ್ನದು ಲಿಮಿಟೆಡ್ ಪೆನ್ನಿ ಪ್ಲೇನ್, ಅಂದರೆ ಅಳತೆಗೂ ತೂಕಕ್ಕೂ ನಿಯಮ ಇರುವ ಒಂದು ಸ್ಪರ್ಧಾ ವರ್ಗದ ವಿಮಾನ. ರೆಕ್ಕೆ 18 ಇಂಚು ಉದ್ದ, 5 ಇಂಚು ಅಗಲ. ಪ್ರೊಪೆಲ್ಲರ್ 12 ಇಂಚು ಮೀರಬಾರದು. ರಬ್ಬರ್ ಬಿಟ್ಟು ವಿಮಾನ ಕನಿಷ್ಠ 3.1 ಗ್ರಾಂ ತೂಗಬೇಕು. ಅಮೆರಿಕದ ಹಳೆಯ ತಾಮ್ರದ ಪೆನ್ನಿ ನಾಣ್ಯದ ತೂಕ ಅದು, ಹೆಸರೂ ಅಲ್ಲಿಂದಲೇ ಬಂತು. ರೆಕ್ಕೆಯ ಪುಟ್ಟ ಕಾಲುಗಳು ಮೋಟರ್ ಕಡ್ಡಿಗೆ (ರಬ್ಬರ್ ಎಳೆದು ಕಟ್ಟುವ ನಡುವಿನ ಕಡ್ಡಿ) ಅಂಟಿಸಿದ ಕಾಗದದ ಕೊಳವೆಯಲ್ಲಿ ಕೂರುತ್ತವೆ. ಬಾಲವೂ ಹಾಗೇ ಕಳಚುತ್ತದೆ. ಹಾಗಾಗಿ ಮೂರು ಜೊತೆ ರೆಕ್ಕೆ-ಬಾಲ ಮಾಡಿದೆ. ಕಡ್ಡಿ, ಪ್ರೊಪೆಲ್ಲರ್, 1.5 ಗ್ರಾಂ ರಬ್ಬರ್, 1000 ಸುತ್ತು, ಇವು ಯಾವುದೂ ಬದಲಾಗಲಿಲ್ಲ. ಬೆಳಿಗ್ಗೆ ಆಟದವರು ಬರುವ ಮುಂಚೆ ಬ್ಯಾಡ್ಮಿಂಟನ್ ಹಾಲ್‌ನಲ್ಲಿ ಫ್ಯಾನ್ ಆರಿಸಿ ಹಾರಿಸಿದೆ. ಹೊದಿಕೆ ಇಲ್ಲದ ಬಾಲ್ಸಾ ಎಂಬ ಹಗುರ ಮರದ ಚೌಕಟ್ಟು, ಪ್ರೊಪೆಲ್ಲರ್ ಎಲ್ಲ ಸೇರಿ 2.9 ಗ್ರಾಂ.

ಟಿಶ್ಯೂ ಅಂದರೆ ತೆಳು ಕಾಗದ, ಅದನ್ನು ಅಂಟಿಸುವುದು ಎಲ್ಲಕ್ಕಿಂತ ಸುಲಭ. ಗ್ಲೂ ಸ್ಟಿಕ್ ಸವರಿ ಕೂರಿಸಿದರೆ ಆಯಿತು. ಆದರೆ ಅದೊಂದೇ 1.1 ಗ್ರಾಂ ತೂಗಿತು! ವಿಮಾನ 4 ಗ್ರಾಂ ಆಯಿತು, 3 ನಿಮಿಷ 10 ಸೆಕೆಂಡು ಹಾರಿತು. ಅದಕ್ಕಿಂತ ದೊಡ್ಡ ತೊಂದರೆ ತೇವದ್ದು. ಟಿಶ್ಯೂ ತೇವ ಹೀರಿ ಸಡಿಲವಾಗುತ್ತದೆ, ಒಣಗಿದಾಗ ಬಿಗಿದು ತೆಳ್ಳಗಿನ ಕಡ್ಡಿಗಳನ್ನು ತಿರುಚುತ್ತದೆ. ಬೆಂಗಳೂರಿನ ಜುಲೈ ತಿಂಗಳಲ್ಲಿ ರಾತ್ರಿ ನೆಟ್ಟಗಿದ್ದ ರೆಕ್ಕೆ ಬೆಳಿಗ್ಗೆ ಸೊಟ್ಟಗಿತ್ತು.

ಕವರ್ ಅಂದರೆ ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿ ತುಂಬಲು ರೋಲ್‌ನಿಂದ ಹರಿದುಕೊಳ್ಳುತ್ತೇವಲ್ಲ, ಮುಟ್ಟಿದರೆ ಸರಸರ ಅನ್ನುವ ತೆಳು ಪ್ಲಾಸ್ಟಿಕ್, ಅದೇ. ತೂಕ 0.7 ಗ್ರಾಂ, ಹಾರಾಟ 3 ನಿಮಿಷ 35 ಸೆಕೆಂಡು. ತೇವಕ್ಕೆ ಜಗ್ಗುವುದಿಲ್ಲ. ಆದರೆ ಪಾಲಿಥೀನ್‌ಗೆ ಫೆವಿಕಾಲ್ ಹಿಡಿಯುವುದೇ ಇಲ್ಲ. ಸ್ಪ್ರೇ ಅಂಟನ್ನು ಚೌಕಟ್ಟಿಗೆ ತೆಳ್ಳಗೆ ಹೊಡೆದು, ಸ್ವಲ್ಪ ಆರಿದ ಮೇಲೆ ಕೂರಿಸಬೇಕು. ಜಾಸ್ತಿ ಹೊಡೆದರೆ ಉಳಿಸಿದ ತೂಕವೆಲ್ಲ ಅಂಟಿಗೇ ಹೋಗುತ್ತದೆ.

ಇನ್ನು ಫಿಲ್ಮ್. ಒಂದೂವರೆ ಮೈಕ್ರಾನ್ ದಪ್ಪದ ಪಾಲಿಯೆಸ್ಟರ್. ಹಿಂದಿನವರು ನೀರಿನ ಮೇಲೆ ಲ್ಯಾಕರ್ ಸುರಿದು, ಅದು ಹರಡಿ ಒಣಗಿದ ಪೊರೆಯನ್ನು ತಂತಿಯ ಬಳೆಯಲ್ಲಿ ಎತ್ತಿ ಹೊದಿಸುತ್ತಿದ್ದರು. ಆ ಕೆಲಸದ ಮುಂದೆ ಇದು ಸುಲಭವೇ. ಆದರೂ ನನಗೆ ಮೂರು ಸಂಜೆ ಹಿಡಿಯಿತು. ಉಸಿರು ಬಿಟ್ಟರೆ ಹಾರುತ್ತದೆ, ಕೈಗೆ ಅಂಟಿಕೊಳ್ಳುತ್ತದೆ, ಎರಡು ಮಡಿಕೆ ಸೇರಿದರೆ ಬಿಡಿಸಲು ಆಗುವುದಿಲ್ಲ. ಮೊದಲು ಮೆಲ್ಲಗೆ ಮುದುರಿ ಬಿಡಿಸಬೇಕು, ಆಗ ಸ್ವಲ್ಪ ಸಡಿಲ ಸಿಗುತ್ತದೆ, ಚೌಕಟ್ಟನ್ನು ಎಳೆಯುವುದಿಲ್ಲ. ಅಂಟೂ ಸೇರಿ ತೂಕ ಬರೀ 0.2 ಗ್ರಾಂ. ವಿಮಾನ ಸರಿಯಾಗಿ 3.1 ಗ್ರಾಂ. ನಾಲ್ಕು ನಿಮಿಷ ದಾಟಿ ಇನ್ನೂ 10 ಸೆಕೆಂಡು ತೇಲಿತು. ಪ್ರೊಪೆಲ್ಲರ್‌ನ ಎಲೆಗಳನ್ನು ಒಂದೊಂದಾಗಿ ಎಣಿಸಬಹುದು, ಅಷ್ಟು ನಿಧಾನ. ನಾನು ಕೆಳಗೆ ಸುಮ್ನೆ ನಿಂತುಬಿಟ್ಟಿದ್ದೆ.

ಕನಿಷ್ಠ ತೂಕ ಹೇಗೂ 3.1 ಇದೆ, ಚೌಕಟ್ಟನ್ನೇ ಹಗುರ ಮಾಡಿ ಟಿಶ್ಯೂ ಹಾಕಬಹುದಲ್ವಾ ಅಂತ ಕೇಳಬಹುದು. ಲೆಕ್ಕ ಹಾಕಿ ನೋಡಿ: ಚೌಕಟ್ಟು 2 ಗ್ರಾಂಗೆ ಇಳಿಯಬೇಕು. ಅಷ್ಟು ಕೆತ್ತಿದರೆ ಪೂರ್ತಿ ಸುತ್ತಿದ ರಬ್ಬರ್ ಎಳೆತಕ್ಕೆ ಮೋಟರ್ ಕಡ್ಡಿ ಬಿಲ್ಲಿನಂತೆ ಬಾಗುತ್ತದೆ. ರೆಕ್ಕೆಗೂ ಬಾಲಕ್ಕೂ ಇರುವ ಕೋನ ಕೆಡುತ್ತದೆ, ವಿಮಾನ ಹಾಕಿದ ದಾರಿಯಲ್ಲಿ ಏರುವುದಿಲ್ಲ. ಫಿಲ್ಮ್ ಹಾಕಿದರೆ ಆ 0.9 ಗ್ರಾಂ ಗಟ್ಟಿ ಕಡ್ಡಿಗೆ ಸಿಗುತ್ತದೆ. ನನ್ನ ಪ್ರಕಾರ ಫಿಲ್ಮ್‌ನ ನಿಜವಾದ ಲಾಭ ಇದೇ.

ಆದರೂ ಮೊದಲ ವಿಮಾನಕ್ಕೆ ಫಿಲ್ಮ್ ಬೇಡ, ಕವರ್ ಹಾಕಿ. ಫಿಲ್ಮ್ ರೆಕ್ಕೆ ಗೋಡೆಗೆ ತಾಗಿದ ಮೊದಲ ಸಲವೇ ತುದಿಯಿಂದ ಹರಿಯಿತು. ಕವರ್ ಹಾಕಿದ ಜೊತೆಯನ್ನು ಮಗಳ ವಿಮಾನಕ್ಕೆ ಕೊಟ್ಟೆ. ಮೊನ್ನೆ ಭಾನುವಾರ ಅದು ಛಾವಣಿಯ ದೀಪಕ್ಕೆ ಡಿಕ್ಕಿ ಹೊಡೆದು ಕೆಳಗೆ ಬಿತ್ತು. ಒಂದು ಕಡ್ಡಿ ಮುರಿದಿತ್ತು, ಹೊದಿಕೆಗೆ ಏನೂ ಆಗಿರಲಿಲ್ಲ. ಅವಳು ಕಡ್ಡಿಗೆ ಅಂಟು ಹಾಕಿ ಮತ್ತೆ ರಬ್ಬರ್ ಸುತ್ತಲು ಕೂತಳು.