ಅರಮನೆ ಮದುವೆ ನೋಡೋಕೆ ಯಾವುದು ವಾಸಿ: ಕೇಬಲ್ಲಾ, ಡಿಶ್ಶಾ, ಮೊಬೈಲಾ?

ಅರಮನೆ ಮದುವೆಗೆ ನಮಗೇನು ಕರೆಯೋಲೆ ಬರೋದಿಲ್ಲ. ಟೀವಿಯೇ ಗತಿ. ಶಿವಮೊಗ್ಗದ ಚಿಕ್ಕಮ್ಮನ ಮನೆಯ ಕೇಬಲ್, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಡಿಶ್, ಕೈಯಲ್ಲಿನ ಮೊಬೈಲ್: ಮೂರರಲ್ಲೂ ಒಂದೊಂದು ಮದುವೆ ನೋಡಿದ್ದೇನೆ.

ಕೇಬಲ್‌ನಲ್ಲಿ ನೋಡಿದ್ದು ಬ್ರಿಟನ್ ರಾಜಕುಮಾರ ವಿಲಿಯಂ–ಕೇಟ್ ಮದುವೆ, 2011ರ ಏಪ್ರಿಲ್ 29. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಬೆಳಗ್ಗೆ 11 ಗಂಟೆ ಅಂದರೆ ನಮಗೆ ಮಧ್ಯಾಹ್ನ ಮೂರೂವರೆ. ಊಟ ಮುಗಿಸಿ, ಅಡುಗೆಮನೆ ಒರೆಸಿ ಕೂರೋಕೆ ಹೇಳಿ ಮಾಡಿಸಿದ ಹೊತ್ತು. ನಾವು ಹಾಕಿದ್ದು ಇಂಗ್ಲಿಷ್ ಚಾನೆಲ್. ಗಂಡು ಹೆಣ್ಣು ಪ್ರಮಾಣ ಹೇಳುವಾಗ ವಿವರಣೆಯವರು ತೆಪ್ಪಗಿದ್ದರು. ಅದು ನನಗೆ ತುಂಬಾ ಹಿಡಿಸಿತು. ಉಂಗುರ ಕೇಟ್ ಬೆರಳಿಗೆ ಸಲೀಸಾಗಿ ಇಳಿಯಲಿಲ್ಲ, ವಿಲಿಯಂ ಒತ್ತಿ ಒತ್ತಿ ಹಾಕಿದ. ದೊಡ್ಡ ಪರದೆಯಲ್ಲಿ ಅದು ಚೆನ್ನಾಗಿ ಕಂಡಿತು. "ಒಂಚೂರು ಸೋಪು ಹಚ್ಚಬೇಕಿತ್ತು" ಅಂದಳು ಚಿಕ್ಕಮ್ಮ. ಚರ್ಚಿನೊಳಗೆ ಸಾಲಾಗಿ ನಿಲ್ಲಿಸಿದ್ದ ಮೇಪಲ್ ಮರಗಳನ್ನು ಕಂಡು ಅವಳಿಗೆ ಇನ್ನೂ ಸೋಜಿಗ. "ಅಲ್ಲ ಮಾರಾಯ್ತಿ, ನಾವು ಬಾಳೆಕಂಬ ಕಟ್ಟಿದರೆ ಇವರು ಮರವನ್ನೇ ತಂದು ನಿಲ್ಲಿಸಿದ್ದಾರಲ್ಲ!" ಇಂಥ ಕಾಮೆಂಟರಿ ಯಾವ ಚಾನೆಲ್‌ನಲ್ಲೂ ಸಿಗೋದಿಲ್ಲ.

ಕೇಬಲ್‌ನ ಕಾಟ ಬೇರೆ ಥರದ್ದು. ಸಂಜೆ ಗಂಡು ಹೆಣ್ಣು ಅರಮನೆಯ ಬಾಲ್ಕನಿಗೆ ಬರುವ ಹೊತ್ತಿಗೆ ಭರಣಿ ಮಳೆಯ ಗುಡುಗು ಶುರುವಾಯಿತು, ಕರೆಂಟ್ ಹೋಯಿತು. ಮನೆಯಲ್ಲಿ ಯುಪಿಎಸ್ ಇದ್ದರೇನು, ಬೀದಿಯ ಕಂಬದ ಮೇಲೆ ಸಿಗ್ನಲ್‌ಗೆ ಬಲ ಕೊಡುವ ಆಂಪ್ಲಿಫೈಯರ್‌ಗೂ ಕರೆಂಟ್ ಬೇಕಲ್ಲ. ಟೀವಿ ಇತ್ತು, ಚಿತ್ರ ಇರಲಿಲ್ಲ. ಮುತ್ತು ಕೊಟ್ಟಿದ್ದನ್ನು ಮಾರನೇ ದಿನದ ಪೇಪರ್‌ನಲ್ಲಿ ನೋಡಿದೆವು.

ಡಿಶ್‌ನ ಸರದಿ ಬಂದಿದ್ದು 2016ರ ಜೂನ್ 27ಕ್ಕೆ. ಮೈಸೂರಿನ ಯದುವೀರ ಒಡೆಯರ್, ರಾಜಸ್ಥಾನದ ಡುಂಗರ್‌ಪುರದ ತ್ರಿಷಿಕಾ ಕುಮಾರಿ ಮದುವೆ. ಸುಮಾರು ನಲವತ್ತು ವರ್ಷದ ಮೇಲೆ ಅರಮನೆಯಲ್ಲಿ ರಾಜರ ಮದುವೆ ಅಂತ ಮನೆಯಲ್ಲಿ ಎಲ್ಲರಿಗೂ ಹುರುಪು. ಆಷಾಢ ಬಂದರೆ ಮದುವೆ ಇಲ್ಲ, ಅದಕ್ಕೇ ಜ್ಯೇಷ್ಠದಲ್ಲೇ ಮುಗಿಸಿದರು ಅಂತ ಅಜ್ಜಿಯ ಲೆಕ್ಕ. ಆರಿದ್ರೆ ಮಳೆಗೆ ಆ ಲೆಕ್ಕ ಎಲ್ಲಿ ಗೊತ್ತು? ಮನೆ ಡಿಶ್‌ಗೆ ಬರೋದು ಕೆಯು ಬ್ಯಾಂಡ್ ಅನ್ನೋ ಸಣ್ಣ ಅಲೆಯ ಸಿಗ್ನಲ್. ಜೋರು ಮಳೆ ಅದನ್ನು ನುಂಗಿಬಿಡುತ್ತದೆ. ಪೇಟೆಯ ಕೇಬಲ್‌ನವರ ದೊಡ್ಡ ಡಿಶ್‌ಗಳು ಹೆಚ್ಚಾಗಿ ಉದ್ದ ಅಲೆಯ ಸಿ ಬ್ಯಾಂಡ್‌ನವು, ಅವಕ್ಕೆ ಮಳೆಯ ತೊಂದರೆ ಕಡಿಮೆ. ಮಳೆ ಹೊಳವಾದಾಗ ಮಾತ್ರ ಚಿತ್ರ ಕನ್ನಡಿಯ ಹಾಗೆ, ಪೇಟದ ಜರಿ ಸಮೇತ ಕಾಣುತ್ತಿತ್ತು. ಮತ್ತೆ ಸುರಿದರೆ ಚೌಕ ಚೌಕ, ಆಮೇಲೆ "ಸಿಗ್ನಲ್ ಇಲ್ಲ". ಸಿಗ್ನಲ್ ಇದ್ದಾಗ ಇನ್ನೊಂದು ಕಾಟ: ನಿರೂಪಕರು ಉಸಿರು ಬಿಡದೆ ಮಾತಾಡುತ್ತಿದ್ದರು, ಮಂತ್ರವೂ ಕೇಳಲಿಲ್ಲ, ವಾಲಗವೂ ಕೇಳಲಿಲ್ಲ. "ಆ ಹುಡುಗನಿಗೆ ಸುಮ್ನಿರು ಅನ್ನು" ಅಂತ ಅಜ್ಜಿ ಟೀವಿಗೇ ಗದರಿದಳು.

ಮೊಬೈಲ್ ಹಿಡಿದಿದ್ದು ಬೇರೆ ದಾರಿ ಇಲ್ಲದೆ. 2018ರ ಮೇ 19ಕ್ಕೆ ಇಂಗ್ಲೆಂಡಿನ ವಿಂಡ್ಸರ್‌ನಲ್ಲಿ ವಿಲಿಯಂ ತಮ್ಮ ಹ್ಯಾರಿ–ಮೇಗನ್ ಮದುವೆ, ನಮ್ಮ ಸಮಯ ಸಂಜೆ ನಾಲ್ಕೂವರೆ. ಅವತ್ತೇ ವಿಧಾನಸಭೆಯಲ್ಲಿ ವಿಶ್ವಾಸಮತ. ನಮ್ಮ ಜಿಲ್ಲೆಯವರೇ ಆದ ಯಡಿಯೂರಪ್ಪ ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಘೋಷಿಸಿದ್ದರು. ಅಂಥ ದಿನ ಶಿವಮೊಗ್ಗ ಜಿಲ್ಲೆಯ ಯಾವ ಮನೆಯಲ್ಲಿ ವಿಂಡ್ಸರ್ ಮದುವೆಗೆ ರಿಮೋಟ್ ಕೊಡುತ್ತಾರೆ ಹೇಳಿ? ಒಳಗೆ ಅಪ್ಪ, ದೊಡ್ಡಪ್ಪ ರಾಜಕೀಯ ನೋಡುತ್ತಿದ್ದರು. ನಾನು ನೆಟ್‌ವರ್ಕ್ ಸಿಗುವ ಅಂಗಳದ ಮೂಲೆಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೂತೆ. ಬಿಷಪ್ ಮೈಕೆಲ್ ಕರ್ರಿ ಅವರ ಉದ್ದ ಭಾಷಣ ಪೂರ್ತಿ ಕೇಳಿದೆ, ಅಡ್ಡ ಮಾತಾಡೋರಿಲ್ಲ. ಮೇಗನ್ ಮುಸುಕಿನ ಅಂಚಿನಲ್ಲಿ 53 ಕಾಮನ್‌ವೆಲ್ತ್ ದೇಶಗಳ ಹೂವಿನ ಕಸೂತಿ ಇತ್ತು, ನಮ್ಮ ದೇಶದ್ದು ತಾವರೆ. ರಾತ್ರಿ ವಿಡಿಯೋ ನಿಲ್ಲಿಸಿ ನಿಲ್ಲಿಸಿ, ದೊಡ್ಡದು ಮಾಡಿ ಹುಡುಕೋದು ಮೊಬೈಲ್‌ನಲ್ಲಿ ಮಾತ್ರ ಆಗುತ್ತದೆ. ಆದರೆ ಒಬ್ಬಳೇ ಕೂತು ಮದುವೆ ನೋಡೋದು ಸಪ್ಪೆ ಕಣ್ರೀ. ನಗೋಕೂ ಜನ ಬೇಕು.

ನನ್ನ ಓಟು ಕೇಬಲ್‌ಗೆ, ಅದೂ ಚಿಕ್ಕಮ್ಮನ ಮನೆಯದಕ್ಕೆ. ಸೀರೆ, ಒಡವೆ, ಕಸೂತಿಯ ಹುಚ್ಚು ಜಾಸ್ತಿ ಇದ್ದರೆ ಆಮೇಲೆ ಮೊಬೈಲ್‌ನಲ್ಲಿ ಇನ್ನೊಮ್ಮೆ ನೋಡಿ. ಡಿಶ್ ಬೇಸಿಗೆಯ ಮದುವೆಗಳಿಗೆ ಸಾಕು. ನಿರೂಪಕರು ಜಾಸ್ತಿ ಕೊರೆದರೆ ಮ್ಯೂಟ್ ಒತ್ತಿ, ಪಕ್ಕದಲ್ಲಿ ಕೂತವರಿಗೆ ಮಾತಾಡೋಕೆ ಬಿಡಿ.