ಟೆಲಿಫೋನ್ ಬ್ರ್ಯಾಂಡ್ ಇಸಬ್‌ಗೋಲ್: ಹೊಟ್ಟಿಗಿಂತ ನೀರಿನದೇ ಲೆಕ್ಕ

ಗುಜರಾತಿನ ಸಿದ್ಧಪುರದಲ್ಲಿ ತಯಾರಾಗುವ ಈ ಸಾದಾ ಪೊಟ್ಟಣದಲ್ಲಿ ಇಸಬ್‌ಗೋಲ್ ಬೀಜದ ಮೇಲಿನ ತೆಳು ಹೊಟ್ಟು ಬಿಟ್ಟರೆ ಬೇರೇನೂ ಇಲ್ಲ. ಮಲಬದ್ಧತೆಗೆ ಕೊಳ್ಳುವುದಾದರೆ ಕಿತ್ತಳೆ ಘಮದ ಬಣ್ಣಬಣ್ಣದ ಡಬ್ಬಿಗಳಿಗಿಂತ ಇದೇ ಮೇಲು. ಅಂಥ ಡಬ್ಬಿಗಳಲ್ಲಿ ಎಷ್ಟೋ ಸಲ ಸಕ್ಕರೆಯ ಪಾಲೇ ದೊಡ್ಡದು. ಸಕ್ಕರೆ ಕಾಯಿಲೆ ಇರುವವರು ಹಿಂಬದಿಯ ಪಟ್ಟಿ ಓದದೆ ಅವನ್ನು ತರಬಾರದು.

ಹೊಟ್ಟು ಕೆನೆಬಿಳಿಯಾಗಿ, ಹಗುರವಾಗಿ, ಬಹುತೇಕ ರುಚಿಯಿಲ್ಲದೆ ಇರಬೇಕು. ಒಂದು ಚಮಚ ಹೊಟ್ಟನ್ನು ನೀರಿಗೆ ಹಾಕಿದರೆ ಕೆಲವೇ ನಿಮಿಷದಲ್ಲಿ ಲೋಳೆಯಾಗಿ ಉಬ್ಬುತ್ತದೆ. ಹೊಟ್ಟೆಯಲ್ಲಿ ಕೆಲಸ ಮಾಡುವುದೂ ಈ ಲೋಳೆಯೇ: ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ, ದಪ್ಪಗೆ ಮಾಡುತ್ತದೆ.

ಜನ ಎಡವುವುದು ಇಲ್ಲೇ. ಮಲಗುವ ಹೊತ್ತಿಗೆ ಒಂದು ಚಮಚ ಬಾಯಿಗೆ ಹಾಕಿ ಎರಡು ಗುಟುಕು ನೀರು ಕುಡಿದರೆ ಹೊಟ್ಟು ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಕೆಳಗಿಳಿದರೂ ಮಲ ಇನ್ನಷ್ಟು ಬಿಗಿಯಾಗುತ್ತದೆ. ಮೊದಲ ವಾರ ದಿನಕ್ಕೆ ಒಂದೇ ಟೀ ಚಮಚ ಸಾಕು. 240 ಮಿ.ಲೀ. ನೀರಿಗೆ ಹಾಕಿ, ಕಲಕಿ, ಗಟ್ಟಿಯಾಗುವ ಮುಂಚೆ ಕುಡಿದುಬಿಡಿ. ಹಿಂದೆಯೇ ಇನ್ನೊಂದು ಲೋಟ ನೀರು. ಆಮೇಲೆ ನಿಧಾನವಾಗಿ ಎರಡು ಚಮಚಕ್ಕೆ ಏರಿಸಬಹುದು. ಮೊದಲ ದಿನವೇ ಮೂರು ಚಮಚ ಹಾಕಿದವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಆಗ ದೂರು ಹೊಟ್ಟಿನ ಮೇಲೆ. ಬೆಳಿಗ್ಗೆಯೇ ಫಲ ಸಿಗಬೇಕೆಂದೂ ಇಲ್ಲ, 12ರಿಂದ 72 ಗಂಟೆ ಹಿಡಿಯುತ್ತದೆ. ಭೇದಿ ಮಾತ್ರೆಯಂತೆ ಕರುಳನ್ನು ಕೆರಳಿಸದಿರುವುದರಿಂದಲೇ ಈ ತಡ.

ಭೇದಿಯಾಗುವಾಗ ಮೊಸರಲ್ಲಿ ಕಲಸಿ ತಿನ್ನುವ ರೂಢಿಗೂ ಅರ್ಥವಿದೆ, ಅದೇ ಲೋಳೆ ಹೆಚ್ಚಿನ ನೀರನ್ನು ಹೀರಿಕೊಳ್ಳುತ್ತದೆ. ಕೊಲೆಸ್ಟ್ರಾಲ್ ಇಳಿಸಲೂ ಇದು ನೆರವಾಗುತ್ತದೆ: ದಿನಕ್ಕೆ 7 ಗ್ರಾಂ ಕರಗುವ ನಾರು ಇದರಿಂದ ಸಿಕ್ಕರೆ ಹೃದ್ರೋಗದ ಅಪಾಯ ತಗ್ಗಬಹುದು ಎಂದು ಪೊಟ್ಟಣದ ಮೇಲೆ ಬರೆಯಲು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲೇ ಒಪ್ಪಿದೆ.

ಥೈರಾಯ್ಡ್ ಮಾತ್ರೆಯಾಗಲಿ ಬೇರೆ ಮಾತ್ರೆಯಾಗಲಿ, ಇದರ ಜೊತೆಗೇ ನುಂಗಬೇಡಿ. ಲೋಳೆ ಔಷಧವನ್ನು ಹಿಡಿದುಕೊಳ್ಳುತ್ತದೆ, ಕನಿಷ್ಠ ಎರಡು ಗಂಟೆ ಅಂತರವಿರಲಿ. ನುಂಗಲು ಕಷ್ಟಪಡುವ ಹಿರಿಯರಿಗೆ ಇದನ್ನು ಕೊಡಲೇಬೇಡಿ. ಮಲದಲ್ಲಿ ರಕ್ತ, ವಾಂತಿ ಜೊತೆಗೆ ಹೊಟ್ಟೆನೋವು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಪೊಟ್ಟಣ ಪಕ್ಕಕ್ಕಿಟ್ಟು ವೈದ್ಯರ ಬಳಿ ಹೋಗಿ.

ಪೊಟ್ಟಣ ಒಡೆದ ಮೇಲೆ ಹೊಟ್ಟನ್ನು ಒಣಗಿದ ಗಾಜಿನ ಬಾಟಲಿಗೆ ಹಾಕಿ, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಗಂಟು ಕಟ್ಟುತ್ತದೆ. ಸುರಿಯುವಾಗ ಮುಖ ದೂರವಿರಲಿ: ಇದರ ಧೂಳು ಉಸಿರಿಗೆ ಸೇರಿದರೆ ಕೆಲವರಿಗೆ ಸೀನು, ಉಬ್ಬಸ ಬರುತ್ತದೆ.