ಒಂದು ಪೋಲೋ, ನಾಲ್ಕು ಸೆಟ್ ಟೈರ್: ಉಡುಪಿಯಿಂದ ಕರಿ ಟ್ರ್ಯಾಕ್‌ಗೆ ಹೋಗಿ ಬಂದ ಲೆಕ್ಕ

ನಮ್ಮ ಕರಾವಳಿಯಲ್ಲಿ ಕಾರು ಓಡಿಸುವಂಥ ರೇಸ್ ಟ್ರ್ಯಾಕ್ ಇಲ್ಲ. ಉಡುಪಿಯಿಂದ ನಾನು ಹೋಗುವುದು ಕೊಯಮತ್ತೂರಿನ ಹತ್ತಿರ, ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟರ್ ಸ್ಪೀಡ್‌ವೇಗೆ. ಒಂದು ಕಡೆಗೆ ಸುಮಾರು 450 ಕಿ.ಮೀ. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಕಾಸರಗೋಡು, ಕಣ್ಣೂರು, ಕಲ್ಲಿಕೋಟೆ ದಾಟಿ ಪಾಲಕ್ಕಾಡ್ ಕಡೆ ತಿರುಗಿದರೆ, ವಾಳಯಾರ್ ಬರುವಾಗ ಊಟದ ಹೊತ್ತು ಕಳೆದಿರುತ್ತದೆ. ಮರುದಿನ 15 ನಿಮಿಷದ ನಾಲ್ಕು ಸೆಷನ್ ಸಿಕ್ಕಿದರೆ ಟ್ರ್ಯಾಕ್‌ನಲ್ಲಿ ಒಟ್ಟು ಓಡುವುದು 70 ಕಿ.ಮೀ. ಆಸುಪಾಸು. ಅಂದರೆ 70 ಕಿ.ಮೀ. ಟ್ರ್ಯಾಕ್, 900 ಕಿ.ಮೀ. ಹೆದ್ದಾರಿ. ಮೊದಲ ವರ್ಷ ಟೈರ್ ಆರಿಸುವಾಗ ಈ ಲೆಕ್ಕವನ್ನು ನಾನು ಹಾಕಿರಲಿಲ್ಲ. ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ.

ಕಾರು ಫೋಕ್ಸ್‌ವ್ಯಾಗನ್ ಪೋಲೋ 1.2 ಟಿಎಸ್‌ಐ, 15 ಇಂಚಿನ ರಿಮ್ ಬರುತ್ತಿದ್ದ ಮಾದರಿ. ಎಂಜಿನ್, ಸಸ್ಪೆನ್ಷನ್ ಎರಡೂ ಕಂಪನಿಯದ್ದೇ. ಬ್ರೇಕ್ ಪ್ಯಾಡ್ ಮತ್ತು ಫ್ಲೂಯಿಡ್ ಮಾತ್ರ ಮೊದಲ ಸಲ ಹೋಗುವ ಮುಂಚೆಯೇ ಒಳ್ಳೆಯದು ಹಾಕಿಸಿದ್ದೆ. ಎರಡೂವರೆ ವರ್ಷದಲ್ಲಿ ಐದು ಸಲ ಹೋಗಿದ್ದೇನೆ, ನಾಲ್ಕು ಸೆಟ್ ಟೈರ್ ಹಾಕಿ ನೋಡಿದ್ದೇನೆ.

ಬ್ರಾಂಡ್ ಹೆಸರು ಬರೆಯುತ್ತಿಲ್ಲ. ಒಂದೇ ಕಂಪನಿ ಬೇಗ ಸವೆಯುವ ಮೆತ್ತನೆಯ ಟೈರನ್ನೂ ಮಾಡುತ್ತದೆ, ವರ್ಷಗಟ್ಟಲೆ ಬಾಳುವ ಗಟ್ಟಿ ಟೈರನ್ನೂ ಮಾಡುತ್ತದೆ. ಹೆಸರು ನೋಡುವ ಬದಲು ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಓದಿ. ಅಳತೆ ಇರುತ್ತದೆ: 185/60 ಆರ್15 ಎಂದರೆ ಅಗಲ 185 ಮಿ.ಮೀ., ಸೈಡ್‌ವಾಲ್ ಎತ್ತರ ಆ ಅಗಲದ ಶೇ. 60, ರಿಮ್ 15 ಇಂಚು. ಟ್ರೆಡ್‌ವೇರ್ ಅಂಕಿ ಇರುತ್ತದೆ: ಅದು ಕಡಿಮೆ ಇದ್ದಷ್ಟೂ ರಬ್ಬರ್ ಮೆತ್ತಗೆ, ಹಿಡಿತ ಜಾಸ್ತಿ, ಬಾಳಿಕೆ ಕಡಿಮೆ. ಆ ಅಂಕಿ ಕೊಡುವುದು ಆಯಾ ಕಂಪನಿಯೇ, ಹಾಗಾಗಿ ಒಂದು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ. ಇನ್ನು ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 3523 ಎಂದಿದ್ದರೆ 2023ರ 35ನೇ ವಾರದಲ್ಲಿ ಮಾಡಿದ ಟೈರ್. ಅಂಗಡಿಯಲ್ಲಿ ಮೂರು ವರ್ಷ ಕೂತ ಟೈರ್ ಟ್ರ್ಯಾಕ್‌ಗೆ ಬೇಡ.

ಕಂಪನಿಯ ಟೈರ್, 185/60 ಆರ್15

ಕಾರಿನ ಜೊತೆಗೇ ಬಂದ ಟೈರ್. ಮೊದಲ ಸಲ ಹೋದದ್ದು ಇದರಲ್ಲೇ. ಟ್ರೆಡ್‌ವೇರ್ 400ರ ಮೇಲೆ. ಮೂರು ಲ್ಯಾಪ್ ಚೆನ್ನಾಗಿತ್ತು. ನಾಲ್ಕನೆಯದರಲ್ಲಿ ತಿರುವಿಗೆ ಹೋದ ಕೂಡಲೇ ಮುಂದಿನ ಟೈರ್ ಕೂಗಲು ಶುರು. ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರಕ್ಕೇ ಜಾರುತ್ತಿತ್ತು. ರೇಸ್ ಚಾಲಕ ಎಸ್. ಕರಿವರ್ಧನ್ ಅವರ ಹೆಸರಿನಲ್ಲಿ 2003ರಲ್ಲಿ ಶುರುವಾದ ಈ ಟ್ರ್ಯಾಕ್ 2.1 ಕಿ.ಮೀ. ಅಷ್ಟೇ. ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು. ಟೈರ್ ತಣಿಯಲು ಸಮಯವೇ ಸಿಗುವುದಿಲ್ಲ. ಪೋಲೋದಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಭಾರ ಎಲ್ಲವೂ ಮುಂದಿನ ಎರಡು ಟೈರ್ ಮೇಲೆ.

ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಪ್ಯಾಡಕ್‌ಗೆ ಬಂದು ಅಳೆದರೆ, ತಣ್ಣಗಿದ್ದಾಗ 33 ಪಿಎಸ್‌ಐ ಇದ್ದ ಗಾಳಿ 41 ಆಗಿತ್ತು. ಟೈರಿನ ಹೊರ ಅಂಚು ಉಜ್ಜಿ ಹರಿದ ಹಾಗೆ ಒರಟಾಗಿತ್ತು, ಒಳ ಅಂಚು ಹೊಸದರಂತೆ ಹೊಳೆಯುತ್ತಿತ್ತು. ಆ ದಿನದ ಒಳ್ಳೆಯ ಲ್ಯಾಪ್ 1 ನಿಮಿಷ 31.4 ಸೆಕೆಂಡ್.

ಆದರೂ ಮೊದಲ ಒಂದೆರಡು ಸಲ ಇದರಲ್ಲೇ ಹೋಗಿ ಎನ್ನುತ್ತೇನೆ. ಈ ಟೈರ್ ಬೇಗ ಕೂಗುತ್ತದೆ, ನಿಧಾನವಾಗಿ ಜಾರುತ್ತದೆ. ಎಲ್ಲಿ ಜಾಸ್ತಿ ಆಯ್ತು ಎಂದು ಕಿವಿಗೇ ಕೇಳಿಸುತ್ತದೆ. ಹೋಗಿ ಬರುವ ದಾರಿಯಲ್ಲೂ ಚಿಂತೆ ಇಲ್ಲ.

16 ಇಂಚಿನ ಅಲಾಯ್, 205/50

ಇದಕ್ಕೆ ಹಾಕಿದ ದುಡ್ಡಿನ ಬಗ್ಗೆ ನನಗೆ ಇವತ್ತಿಗೂ ಬೇಸರವಿದೆ. ದೊಡ್ಡ ರಿಮ್, ಅಗಲದ ಟೈರ್ ಅಂದರೆ ಹಿಡಿತ ಜಾಸ್ತಿ ಎಂದು ನಂಬಿ ತಗೊಂಡೆ. ನೋಡಲು ನಿಜಕ್ಕೂ ಚಂದ.

ಹಾಕಿಸಿಕೊಂಡು ಅಂಬಲಪಾಡಿ ದಾಟಿ ಹೆದ್ದಾರಿಗೆ ಬಂದು 90 ಮುಟ್ಟಿದಾಗ ಸ್ಟೇರಿಂಗ್ ನಡುಗಿತು. ಅಂಗಡಿಗೆ ವಾಪಸ್ ಹೋದೆ. ಬ್ಯಾಲೆನ್ಸಿಂಗ್ ಮಾಡಿಕೊಟ್ಟರು. ಮತ್ತೆ ನಡುಕ. ಮತ್ತೆ ಬ್ಯಾಲೆನ್ಸಿಂಗ್. ಮೂರು ಸಲ ಆಯ್ತು. ಕೊನೆಗೆ ಭಾವ ತಮಗೆ ಪರಿಚಯದ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಮೆಕ್ಯಾನಿಕ್ ವೀಲ್ ಬಿಚ್ಚಿದರು, ವೀಲ್ ಕೂರುವ ಹಬ್ ಮೇಲೆ ಬೆರಳಾಡಿಸಿದರು, ಒಂದು ಬೋಲ್ಟ್ ತೆಗೆದು ಬೆಳಕಿಗೆ ಹಿಡಿದರು.

"ಇದು ಬ್ಯಾಲೆನ್ಸಿಂಗ್ ಅಲ್ಲ ಮಾರಾಯ್ರೆ. ಬೋಲ್ಟಿನ ತಲೆಯ ಅಡಿ ಉರುಟು ಉಂಟು. ವೀಲಿನ ಗುಂಡಿ ನೋಡಿ, ಚೂಪು. ಎರಡು ಹೇಗೆ ಕೂರ್ತದೆ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜೀವದ ಪ್ರಶ್ನೆ. ಫೋಕ್ಸ್‌ವ್ಯಾಗನ್ ಕಾರಿನ ಕಂಪನಿ ಬೋಲ್ಟ್‌ನ ಕೂರುವ ಭಾಗ ಗೋಲಿಯ ಹಾಗೆ ಉರುಟು. ಹೊರಗೆ ಸಿಗುವ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ ಆಲಿಕೆಯ ಹಾಗೆ ಇಳಿಜಾರಾದ ಗುಂಡಿ. ಉರುಟು ಬೋಲ್ಟ್ ಅದರಲ್ಲಿ ಸಣ್ಣ ಒಂದು ಗೆರೆಯಷ್ಟೇ ಜಾಗದಲ್ಲಿ ಮುಟ್ಟುತ್ತದೆ. ಬಿಗಿ ಆಯ್ತು ಅನ್ನಿಸುತ್ತದೆ, ಆದರೆ ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಎರಡನೆಯ ತಪ್ಪು ನಡುವಿನ ತೂತು. ಪೋಲೋದ ಹಬ್ 57.1 ಮಿ.ಮೀ. ನನ್ನ ರಿಮ್‌ನ ತೂತು 73.1. ಆ ಸಂದು ತುಂಬಲು ಹಬ್ ರಿಂಗ್ ಹಾಕಬೇಕಿತ್ತು, ಹಾಕಿರಲಿಲ್ಲ. ವೀಲ್ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ 90ರಲ್ಲಿ ಕೈಗೆ ನಡುಕ ಬರುತ್ತದೆ. ಐದು ಬೋಲ್ಟ್, 100 ಮಿ.ಮೀ. ಪಿಸಿಡಿ (ಬೋಲ್ಟ್ ತೂತುಗಳ ವೃತ್ತದ ವ್ಯಾಸ) ಸರಿ ಇದೆ ಎಂದ ಮಾತ್ರಕ್ಕೆ ವೀಲ್ ಸರಿ ಹೊಂದಿತು ಎಂದಲ್ಲ. ಚೂಪು ಬೋಲ್ಟ್ ಮತ್ತು ರಿಂಗ್ ತರಿಸಿ ಹಾಕಿದ ಮೇಲೆ ನಡುಕ ಪೂರ್ತಿ ನಿಂತಿತು.

ಟ್ರ್ಯಾಕ್‌ನಲ್ಲಿ? 1 ನಿಮಿಷ 30.9. ಬರೀ ಅರ್ಧ ಸೆಕೆಂಡ್. ತಿರುವಿನ ನಡುವೆ ಹಿಡಿತ ಚೆನ್ನಾಗಿತ್ತು, ಆದರೆ ತಿರುವು ಬಿಟ್ಟು ಹೊರಗೆ ಬರುವಾಗ ಕಾರು ಏಳುತ್ತಿರಲಿಲ್ಲ. ಕಾರಣ ಮಲ್ಪೆಯಲ್ಲಿ ಗೊತ್ತಾಯಿತು. ಗೆಳೆಯನೊಬ್ಬ ಬಂದರಿನಲ್ಲಿ ಮೀನು ವ್ಯಾಪಾರ ಮಾಡುತ್ತಾನೆ. ಅವನ ತಕ್ಕಡಿಯ ಮೇಲೆ, ಬಂಗುಡೆ ಬುಟ್ಟಿಗಳು ಖಾಲಿಯಾದ ಹೊತ್ತಿಗೆ, ಟೈರ್ ಸಮೇತ ವೀಲ್ ಇಟ್ಟು ತೂಗಿದೆವು. ಕಂಪನಿಯದ್ದು 16.5 ಕೆ.ಜಿ. 16 ಇಂಚಿನದ್ದು 19.8. ಒಂದು ವೀಲಿಗೆ 3.3 ಕೆ.ಜಿ. ಜಾಸ್ತಿ, ಅದೂ ತಿರುಗುವ ಭಾರ. ಪ್ರತಿ ತಿರುವಿನ ಹೊರಗೂ ಎಂಜಿನ್ ಅದನ್ನು ಎಳೆದು ತಿರುಗಿಸಬೇಕು, ಪ್ರತಿ ತಿರುವಿನ ಮುಂದೂ ಬ್ರೇಕ್ ಅದನ್ನು ಹಿಡಿದು ನಿಲ್ಲಿಸಬೇಕು. ಟೈರಿನ ಒಟ್ಟು ಎತ್ತರವೂ 603 ಮಿ.ಮೀ.ಯಿಂದ 611ಕ್ಕೆ ಏರಿತ್ತು, ಅಂದರೆ ಗೇರ್ ಅಷ್ಟರ ಮಟ್ಟಿಗೆ ಉದ್ದವಾದ ಹಾಗೆ. ನಮ್ಮ ರಸ್ತೆಯ ಗುಂಡಿಗೆ ಒಂದು ರಿಮ್ ಸೊಟ್ಟಗೂ ಆಯಿತು. ಆ ಸೆಟ್ ಮಾರಿಬಿಟ್ಟೆ.

ಹಗುರ 15 ಇಂಚಿನ ರಿಮ್, 195/55

ಈಗ ಕಾರಿನಲ್ಲಿರುವುದು ಇದೇ. ಏಳು ಇಂಚು ಅಗಲದ ರಿಮ್, ಟ್ರೆಡ್‌ವೇರ್ 240ರ ರಸ್ತೆ ಟೈರ್. ಮಲ್ಪೆಯ ತಕ್ಕಡಿಯಲ್ಲಿ 15.3 ಕೆ.ಜಿ. ಕಂಪನಿಯದ್ದಕ್ಕಿಂತ ಅಗಲ, ಆದರೂ ಹಗುರ. 195ರ ಟೈರಿಗೆ ಏಳು ಇಂಚಿನ ರಿಮ್ ಹಾಕಿದರೆ ಸೈಡ್‌ವಾಲ್ ಉಬ್ಬದೆ ನೆಟ್ಟಗೆ ನಿಲ್ಲುತ್ತದೆ. ಸ್ಟೇರಿಂಗ್ ತಿರುಗಿಸಿದ್ದಕ್ಕೂ ಕಾರು ತಿರುಗಿದ್ದಕ್ಕೂ ನಡುವೆ ಇದ್ದ ಆ ಸಣ್ಣ ತಡ ಹೋಯಿತು. ನನಗೆ ಲ್ಯಾಪ್ ಟೈಮಿಗಿಂತ ಖುಷಿ ಕೊಟ್ಟದ್ದು ಅದು.

ಅಷ್ಟರಲ್ಲಿ ನಾನೂ ಸ್ವಲ್ಪ ಕಲಿತಿದ್ದೆ, ಹಾಗಾಗಿ ಹಳೆಯ ಟೈಮ್‌ಗೆ ಹೋಲಿಸುವುದು ನ್ಯಾಯ ಅಲ್ಲ. ಅದಕ್ಕೇ ಮೂರನೇ ಸಲ ಹಿಂದಿನ ಸೀಟು ಮಡಚಿ ಕಂಪನಿಯ ನಾಲ್ಕು ವೀಲನ್ನೂ ಹಾಕಿಕೊಂಡು ಹೋದೆ. ಒಂದೇ ದಿನ, ಬೆಳಗಿನ ಎರಡು ಸೆಷನ್ ಕಂಪನಿಯದ್ದು, ಮಧ್ಯಾಹ್ನದ ಎರಡು ಇದು. 1 ನಿಮಿಷ 29.8, ಆಮೇಲೆ 1 ನಿಮಿಷ 27.9. ಅದೂ ಬಿಸಿಲು ಏರಿದ ಮೇಲೆ. ಎಂಟನೇ ಲ್ಯಾಪ್‌ನಲ್ಲೂ ಎರಡನೇ ಲ್ಯಾಪ್‌ನ ಹಾಗೇ ಬ್ರೇಕ್ ಹಿಡಿಯಬಹುದಿತ್ತು.

ಒಂದು ಎಚ್ಚರಿಕೆ. ಹೊಸ ಟೈರನ್ನು ಅಂಗಡಿಯಿಂದ ನೇರ ಟ್ರ್ಯಾಕ್‌ಗೆ ಇಳಿಸಬೇಡಿ. ಪೂರ್ತಿ 8 ಮಿ.ಮೀ. ಟ್ರೆಡ್ ಇರುವಾಗ ಆ ರಬ್ಬರಿನ ಕಟ್ಟೆಗಳು ಬಿಸಿಗೆ ಅಲುಗಾಡುತ್ತವೆ, ಅಂಚು ಚೂರು ಚೂರಾಗಿ ಕಿತ್ತು ಬರುತ್ತದೆ. ಒಂದೆರಡು ತಿಂಗಳು ಊರಲ್ಲಿ ಓಡಿಸಿ, ಆಮೇಲೆ ಹೋಗಿ. ರಿಮ್ ತಗೊಳ್ಳುವ ಮೊದಲು ಬ್ರೇಕ್ ಕ್ಯಾಲಿಪರ್‌ಗೂ ರಿಮ್‌ನ ಸ್ಪೋಕ್‌ಗೂ ನಡುವೆ ಕನಿಷ್ಠ 3 ಮಿ.ಮೀ. ಜಾಗ ಇದೆಯಾ ಎಂದೂ ಹಾಕಿ ನೋಡಿ.

ಸೆಮಿ ಸ್ಲಿಕ್

ಟ್ರ್ಯಾಕ್‌ಗೆಂದೇ ಮಾಡಿದ ಮೆತ್ತನೆಯ ಈ ಟೈರನ್ನು ಕಂಪನಿಯ ರಿಮ್ ಮೇಲೆ ಕೂರಿಸಿ, ಕಾರಿನ ಒಳಗೆ ಹೇರಿಕೊಂಡು ಹೋಗಿ, ಪ್ಯಾಡಕ್‌ನಲ್ಲಿ ಜ್ಯಾಕ್ ಕೊಟ್ಟು ಬದಲಿಸಿದ್ದು. ಇದನ್ನು ಮೊದಲ ಸಲ ಒಯ್ದದ್ದು ಅಕ್ಟೋಬರ್‌ನಲ್ಲಿ. ನಮ್ಮ ಕಡೆ ಮಳೆಗಾಲ ಮುಗಿದಿತ್ತು. ಕೊಯಮತ್ತೂರಿಗೆ ಜೋರು ಮಳೆ ಬರುವುದೇ ಆಗ, ಹಿಂಗಾರಿನಲ್ಲಿ. ನನಗೆ ಅದು ಹೊಳೆದೇ ಇರಲಿಲ್ಲ. ಈ ಟೈರಿಗೆ ಗೀರುಗಳು ಬೆರಳೆಣಿಕೆಯಷ್ಟು, ನೀರು ಹೊರಗೆ ಹೋಗಲು ದಾರಿ ಇಲ್ಲ. ಎರಡನೇ ಲ್ಯಾಪ್‌ನಲ್ಲಿ ನಿಂತ ನೀರಿನ ಮೇಲೆ ಸ್ಟೇರಿಂಗ್ ಒಮ್ಮೆಲೇ ಹಗುರವಾಯಿತು. ಕೈಯಲ್ಲಿ ಏನೂ ಇಲ್ಲದ ಹಾಗೆ. ನಿಧಾನಕ್ಕೆ ಒಳಗೆ ತಂದು ರಸ್ತೆ ಟೈರ್ ಹಾಕಿಕೊಂಡೆ, ಉಳಿದ ದಿನ ಅದರಲ್ಲೇ ಓಡಿಸಿದೆ.

ಫೆಬ್ರವರಿಯಲ್ಲಿ ಒಣ ಟ್ರ್ಯಾಕ್‌ನಲ್ಲಿ ಮತ್ತೆ ಹಾಕಿದೆ. ಮೊದಲ ಒಂದೂವರೆ ಲ್ಯಾಪ್ ತಣ್ಣಗೆ, ಜಾರು. ಬಿಸಿ ಏರಿದ ಮೇಲೆ ಅದು ಬೇರೆಯೇ ಕಾರು. 1 ನಿಮಿಷ 26.2. ಬ್ರೇಕ್ ಹಿಡಿದಾಗ ಬೆಲ್ಟ್ ಎದೆಗೆ ಒತ್ತಿ ಉಸಿರು ಹೊರಗೆ ಬರುತ್ತದೆ. ಆದರೆ ಅದು ಕೂಗುವುದೂ ಕಡಿಮೆ, ಹೇಳುವುದೂ ಕಡಿಮೆ. ಹಿಡಿದುಕೊಂಡೇ ಇರುತ್ತದೆ, ಬಿಟ್ಟರೆ ಒಮ್ಮೆಲೇ ಬಿಡುತ್ತದೆ. ಪ್ರತಿ ಸಲ ಬಿಸಿಯಾಗಿ ತಣಿಯುವಾಗ ರಬ್ಬರ್ ಸ್ವಲ್ಪ ಸ್ವಲ್ಪ ಗಟ್ಟಿಯಾಗುತ್ತಾ ಹೋಗುತ್ತದೆ, ಟ್ರೆಡ್ ಉಳಿದಿದ್ದರೂ ಹಿಡಿತ ಉಳಿಯುವುದಿಲ್ಲ. ನಾನು ಒಂದು ಟೈರಿಗೆ ಕೊಟ್ಟದ್ದು ರಸ್ತೆ ಟೈರಿನ ಎರಡೂವರೆ ಪಟ್ಟು. ವರ್ಷಕ್ಕೆ ಆರೇಳು ಸಲ ಹೋಗುವವರಿಗೆ, ಇನ್ನೊಂದು ವಾಹನದಲ್ಲಿ ವೀಲ್ ತರುವವರಿಗೆ ಇದು ಸರಿ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬೀಳುವ ಊರಲ್ಲಿ ಇದನ್ನೇ ಹಾಕಿಕೊಂಡು ದಿನಾ ಓಡಾಡುವ ಯೋಚನೆ ಮಾತ್ರ ಯಾರೂ ಮಾಡಬೇಡಿ.

ಗಾಳಿ

ಈ ನಾಲ್ಕರಲ್ಲಿ ಯಾವುದೇ ಇರಲಿ, ಗಾಳಿ ತಪ್ಪಿದರೆ ಟೈರಿಗೆ ಕೊಟ್ಟ ದುಡ್ಡು ದಂಡ. ಒಳ್ಳೆಯ ಗೇಜ್ ಒಂದು ಸ್ವಂತಕ್ಕೆ ಇಟ್ಟುಕೊಳ್ಳಿ. ಪಂಪ್‌ನಿಂದ ಪಂಪ್‌ಗೆ ಎರಡು ಮೂರು ಪಿಎಸ್‌ಐ ಫರಕು ನಾನೇ ನೋಡಿದ್ದೇನೆ. ತಣ್ಣಗಿರುವಾಗ ಎಷ್ಟು ಎನ್ನುವುದಕ್ಕಿಂತ, ಸೆಷನ್ ಮುಗಿಸಿ ಬಂದ ಎರಡು ನಿಮಿಷದೊಳಗೆ ಎಷ್ಟು ಎಂಬುದೇ ಮುಖ್ಯ. ಹಗುರ ರಿಮ್‌ನ ರಸ್ತೆ ಟೈರಿಗೆ ಮುಂದೆ 28ರಿಂದ ಶುರು ಮಾಡುತ್ತೇನೆ, ಬಿಸಿಯಾದಾಗ 35 ಆಗುತ್ತದೆ. ಹಿಂದೆ 32ರಿಂದ 37. ಹಿಂದೆ ಜಾಸ್ತಿ ಇಟ್ಟದ್ದು ಬೇಕೆಂದೇ: ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಿಂಭಾಗ ಸ್ವಲ್ಪ ಸಡಿಲಾದರೆ ಕಾರು ತಿರುವಿನೊಳಗೆ ಸಲೀಸಾಗಿ ತಿರುಗುತ್ತದೆ. ಹೊಸಬರು ಮೊದಲ ದಿನ ಹಿಂದೆ ಮುಂದೆ ಒಂದೇ ಇಡಿ, ಮಳೆಯಲ್ಲಂತೂ ಈ ಆಟ ಬೇಡ.

ಸರಿ ಇದೆಯಾ ಎಂದು ತಿಳಿಯಲು ಶಾಲೆಯ ಚಾಕ್ ಸಾಕು. ಟ್ರೆಡ್‌ನ ಅಂಚಿನಿಂದ ಸೈಡ್‌ವಾಲ್‌ಗೆ ಇಳಿಯುವ ಹಾಗೆ ಮೂರು ಕಡೆ ದಪ್ಪ ಗೆರೆ ಎಳೆಯಿರಿ. ಅಂಚಿನಲ್ಲಿ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಚಾಕ್ ಆ ತ್ರಿಕೋನದ ತುದಿಯವರೆಗೆ ಅಳಿಸಿದ್ದರೆ ಗಾಳಿ ಸರಿ. ಅದನ್ನೂ ದಾಟಿ ಸೈಡ್‌ವಾಲ್ ಮೇಲೆ ಅಳಿಸಿದ್ದರೆ ಗಾಳಿ ಕಡಿಮೆ, ಟೈರ್ ಮಗುಚುತ್ತಿದೆ. ತ್ರಿಕೋನ ಮುಟ್ಟದೆ ನಿಂತಿದ್ದರೆ ಜಾಸ್ತಿ. ಮೊದಲ ದಿನ ಕಂಪನಿ ಟೈರಿನಲ್ಲಿ 41 ಇದ್ದದ್ದನ್ನು 36ಕ್ಕೆ ಇಳಿಸಿದ ಮೇಲೆ ಕೂಗು ಅರ್ಧಕ್ಕರ್ಧ ಕಡಿಮೆಯಾಗಿತ್ತು, ಒಂದು ರೂಪಾಯಿ ಖರ್ಚಿಲ್ಲದೆ. ಹೊರ ಅಂಚಿನ ಸವೆತ ಮಾತ್ರ ಪೂರ್ತಿ ಹೋಗಲಿಲ್ಲ. ಅದಕ್ಕೆ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಸ್ವಲ್ಪ ಒಳಕ್ಕೆ ವಾಲಿದ ಕೋನ, ಬೇಕು, ಪೋಲೋದಲ್ಲಿ ಕಂಪನಿ ಕೊಟ್ಟ ಜಾಗದಲ್ಲಿ ಅದನ್ನು ಹೆಚ್ಚು ಬದಲಿಸಲು ಆಗುವುದಿಲ್ಲ.

ಬೋಲ್ಟ್ ಬಿಗಿ 120 ನ್ಯೂಟನ್ ಮೀಟರ್, ಟಾರ್ಕ್ ರೆಂಚ್‌ನಲ್ಲೇ. ಮೊದಲ ಸೆಷನ್ ಮುಗಿದು ತಣಿದ ಮೇಲೆ ಇನ್ನೊಮ್ಮೆ ಹಿಡಿದು ನೋಡಿ. ಅಂಟಿಸುವ ಬ್ಯಾಲೆನ್ಸ್ ತೂಕಗಳು ಬ್ರೇಕಿನ ಬಿಸಿಗೆ ಕಳಚಿ ಹಾರುತ್ತವೆ, ಮೇಲೆ ಒಂದು ಪಟ್ಟಿ ಅಲ್ಯೂಮಿನಿಯಂ ಟೇಪ್ ಹಚ್ಚಿ. ಮತ್ತೆ, ಸಂಜೆ ಹೊರಡುವ ಮೊದಲು ಗಾಳಿ ವಾಪಸ್ ತುಂಬಲೇಬೇಕು. 12 ವೋಲ್ಟ್‌ನ ಸಣ್ಣ ಕಂಪ್ರೆಸರ್ ನನ್ನ ಡಿಕ್ಕಿಯಲ್ಲಿ ಯಾವಾಗಲೂ ಇರುತ್ತದೆ. ಟೈರ್ ಪೂರ್ತಿ ತಣಿಯಲು ಒಂದು ಗಂಟೆ ಕಾಯುತ್ತೇನೆ, ಅಷ್ಟರಲ್ಲಿ ಚಹಾ ಆಗುತ್ತದೆ, ಆಮೇಲೆ ನಾಲ್ಕಕ್ಕೂ 33 ತುಂಬಿ ಪಾಲಕ್ಕಾಡ್ ದಾರಿ ಹಿಡಿಯುತ್ತೇನೆ.